ಅವನು ಕೇಳಿದ್ದಕ್ಕೆ ಇದ್ದದ್ದನ್ನು ಇದ್ದ ಹಾಗೆ ಹೇಳು

ತಂಗಿ,

ಮೊನ್ನೆ ಫೋನಿನಲ್ಲಿ ನೀನು ಕೇಳಿದೆ: 'ಅಕ್ಕಾ, ಪುಟ್ಟನ ಪ್ರಶ್ನೆಗಳಿಗೆ ಉತ್ತರ ಹೇಳಿ ಹೇಳಿ ಸಾಕಾಗಿ ಹೋಗಿದೆ. ಏನು ಮಾಡಲಿ?' ಫೋನಿನಲ್ಲಿ ಮುಗಿಯುವ ಮಾತಲ್ಲ ಇದು. ಅದಕ್ಕೇ ಬರೆಯಲು ಕೂತೆ. ನನ್ನ ಮಗ ಈಗ ಮೀಸೆ ಬಂದ ಗಂಡಸು. ಇಲ್ಲೇ ಮೈಸೂರಿನ ಒಂದು ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸಕ್ಕೆ ಹೋಗುತ್ತಾನೆ. ಪುಟವೊಂದು ಹಿಂದುಮುಂದಾಗಿದ್ದರೆ ಅವನ ಕಣ್ಣಿಗೆ ಬೀಳದೆ ಆ ಪುಸ್ತಕ ಹೊರಗೆ ಹೋಗುವುದಿಲ್ಲ. ಪುಟ್ಟನ ಹಾಗೆ ಆಟಿಸಂ ಇರುವ ಅವನಿಗೂ ಪುಟ್ಟನ ವಯಸ್ಸು ಅಂತ ಒಂದಿತ್ತು. ಹಾಗಾಗಿ ನೀನು ಹೇಳುವ ಸುಸ್ತು ಯಾವ ಬಗೆಯದು ಅನ್ನುವುದು ನನಗೆ ಗೊತ್ತು.

ಮೊದಲು ಒಂದೇ ಪ್ರಶ್ನೆಯನ್ನು ಹತ್ತಾರು ಸಲ ಕೇಳುತ್ತಾನಲ್ಲ, ಆ ವಿಷಯ. 'ಅಪ್ಪ ಎಷ್ಟೊತ್ತಿಗೆ ಬರ್ತಾರೆ?' ನೀನು ಹೇಳುತ್ತೀ. ಎರಡು ನಿಮಿಷಕ್ಕೆ ಮತ್ತೆ ಅದೇ. ನಾಲ್ಕನೇ ಸಲಕ್ಕೆ 'ಆಗಲೇ ಹೇಳಿದ್ನಲ್ಲಾ!' ಅಂತ ಬಾಯಿಗೆ ಬರುತ್ತದೆ. ಉತ್ತರ ಅವನಿಗೆ ಗೊತ್ತಿದೆ, ತಂಗಿ. ನೀನು ಅದನ್ನು ಮತ್ತೊಮ್ಮೆ ಹೇಳುವುದು ಅವನಿಗೆ ಬೇಕಾಗಿದೆ. ಸಂಜೆಯಾಗುತ್ತಿದ್ದಂತೆ ಮನೆಯಲ್ಲಿ ಏನೇನೋ ಬದಲಾಗುತ್ತದೆ, ಬೆಳಕು ಇಳಿಯುತ್ತದೆ, ಪಕ್ಕದ ಮನೆಯ ಟಿವಿ ಶುರುವಾಗುತ್ತದೆ, ಅಪ್ಪ ಇನ್ನೂ ಬಂದಿಲ್ಲ. ಆ ಹೊತ್ತಿನಲ್ಲಿ ಬದಲಾಗದೆ ಇರುವುದು ಒಂದಾದರೂ ಇದೆಯಾ ಅಂತ ಅವನು ನೋಡಿಕೊಳ್ಳುತ್ತಾನೆ. ಅದು ನಿನ್ನ ಮಾತು. ಹಾಗಾಗಿ ಪ್ರತಿ ಸಲವೂ ಅದೇ ಪದಗಳಲ್ಲಿ ಹೇಳು. ಒಮ್ಮೆ 'ಏಳು ಗಂಟೆಗೆ', ಇನ್ನೊಮ್ಮೆ 'ಸಂಜೆ', ಮತ್ತೊಮ್ಮೆ 'ಬರ್ತಾರೆ ಬಿಡು' ಅಂದರೆ ಅವನ ಲೆಕ್ಕದಲ್ಲಿ ಅದು ಮೂರು ಬೇರೆ ಬೇರೆ ಉತ್ತರ. ಯಾವುದು ನಿಜ ಅಂತ ತಿಳಿಯಲು ಇನ್ನೂ ಮೂರು ಸಲ ಕೇಳಲೇಬೇಕು.

ಬಾಯಲ್ಲಿ ಹೇಳಿದ್ದು ಗಾಳಿಯಲ್ಲಿ ಹೋಗುತ್ತದೆ, ಬರೆದದ್ದು ನಿಲ್ಲುತ್ತದೆ. ಫ್ರಿಜ್ಜಿನ ಬಾಗಿಲ ಮೇಲೆ ಒಂದು ಚಿಕ್ಕ ಬೋರ್ಡು ಹಾಕು. 'ಅಪ್ಪ: 6:30ರಿಂದ 7:30ರ ಒಳಗೆ. ತಡವಾದರೆ ಫೋನ್ ಮಾಡುತ್ತಾರೆ.' ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಏಳಕ್ಕೆ ಅಂದರೆ ಏಳಕ್ಕೇ ಬರುವವರು ಯಾರಿದ್ದಾರೆ? ಅದಕ್ಕೇ ಈ 'ಒಳಗೆ'. ಹೇಳಿದ ಹೊತ್ತಿಗೆ ಆಗದೆ ಹೋದಾಗ ಅವನು ಮಾಡುವ ರಂಪವನ್ನು ಜನ ಹಟ ಅನ್ನುತ್ತಾರೆ. ನನಗೆ ಕಂಡಂತೆ ಅದು ಕಾಲ ಕೆಳಗಿನ ನೆಲ ಜರುಗಿದವರ ಭಯ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಹೇಳು, ಆದರೆ ಯಾವಾಗ ಗೊತ್ತಾಗುತ್ತದೆ ಅನ್ನುವುದನ್ನೂ ಜೊತೆಗೆ ಹೇಳು. ಮಳೆ ಬರುತ್ತಾ ಅಂತ ಕೇಳಿದರೆ 'ಗೊತ್ತಿಲ್ಲ. ನಾಲ್ಕು ಗಂಟೆಗೆ ಇಬ್ಬರೂ ಕಿಟಕಿಯಲ್ಲಿ ನೋಡೋಣ' ಅನ್ನು. ನಾಲ್ಕು ಗಂಟೆಗೆ ಮರೆಯದೆ ಹೋಗಿ ನೋಡಿ.

ಇವತ್ತು ಇಷ್ಟು ಕೇಳುವ ಹುಡುಗ ಮೂರು ವರ್ಷದವನಾಗಿದ್ದಾಗ ನೀರು ಬೇಕಾದರೆ ನಿನ್ನ ಹತ್ತಿರ ಬಂದು 'ನಿನಗೆ ನೀರು ಬೇಕಾ?' ಅನ್ನುತ್ತಿದ್ದದ್ದು ನೆನಪಿದೆಯಾ? ನೀನು ಕೇಳುತ್ತಿದ್ದ ಮಾತನ್ನೇ ಅವನು ತಿರುಗಿ ಹೇಳುತ್ತಿದ್ದ. ಲಿಯೋ ಕ್ಯಾನರ್ ಅನ್ನುವ ವೈದ್ಯರು 1943ರಲ್ಲಿ ಅಮೆರಿಕದಲ್ಲಿ ಹನ್ನೊಂದು ಮಕ್ಕಳ ಬಗ್ಗೆ ಬರೆದ ಲೇಖನದಿಂದಲೇ ಆಟಿಸಂ ಅನ್ನುವ ಮಾತು ಈಗಿನ ಅರ್ಥದಲ್ಲಿ ಬಳಕೆಗೆ ಬಂದದ್ದು. ಹೀಗೆ 'ನಾನು', 'ನೀನು' ಅದಲುಬದಲಾಗುವುದನ್ನು ಅವರು ಆಗಲೇ ಗುರುತಿಸಿದ್ದರು. ಹೇಳಿದ್ದನ್ನೇ ಹೇಳುವುದನ್ನು ಬಹಳ ಕಾಲ ಅರ್ಥವಿಲ್ಲದ ಗಿಳಿಪಾಠ ಅಂತ ತಳ್ಳಿಹಾಕಿ ಬಿಡಿಸಲು ನೋಡುತ್ತಿದ್ದರು. ಇವತ್ತಿನ ಸ್ಪೀಚ್ ಥೆರಪಿಯವರು ಅದನ್ನು ಮಾತಿಗೆ ಬರುವ ದಾರಿ ಅಂತಲೇ ನೋಡುತ್ತಾರೆ. ಇಲ್ಲಿ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆಯಲ್ಲ, ಅಲ್ಲಿಗೆ ಮಕ್ಕಳನ್ನು ಎತ್ತಿಕೊಂಡು ದೂರದೂರದ ಜಿಲ್ಲೆಗಳಿಂದ ಬರುವ ತಾಯಂದಿರನ್ನು ನಾನು ನೋಡಿದ್ದೇನೆ. ಅವರಲ್ಲಿ ಎಷ್ಟೋ ಮಂದಿಯ ಮಕ್ಕಳು ಮಾತೇ ಆಡುವುದಿಲ್ಲ. ಆ ಮಕ್ಕಳೂ ಕೇಳುತ್ತಾರೆ. ಅಮ್ಮನ ಕೈ ಹಿಡಿದು ಬಾಗಿಲ ತನಕ ಎಳೆದುಕೊಂಡು ಹೋಗುವುದೂ ಪ್ರಶ್ನೆಯೇ, ಚಿತ್ರದ ಕಾರ್ಡು ತಂದು ಮುಂದೆ ಹಿಡಿಯುವುದೂ ಪ್ರಶ್ನೆಯೇ. ಅದಕ್ಕೂ ಬಾಯಿಬಿಟ್ಟು ಉತ್ತರ ಹೇಳಬೇಕು, ಚಿತ್ರದಲ್ಲೂ ತೋರಿಸಬೇಕು.

ಈಗ ಪುಟ್ಟನ ಇನ್ನೊಂದು ಬಗೆಯ ಪ್ರಶ್ನೆಗೆ ಬರುತ್ತೇನೆ. ನಾವು ಆಡುವ ಮಾತಿಗೂ ಅದರ ಅರ್ಥಕ್ಕೂ ನಡುವೆ ಎಷ್ಟು ದೂರ ಇದೆ ಅನ್ನುವುದು ಇಂಥ ಮಗುವನ್ನು ಸಾಕಿದವರಿಗೆ ತಿಳಿಯುವ ಹಾಗೆ ಬೇರೆಯವರಿಗೆ ತಿಳಿಯುವುದಿಲ್ಲ. ನನ್ನ ಮಗ ಚಿಕ್ಕವನಿದ್ದಾಗ ಮನೆಗೆ ಬಂದಿದ್ದ ಸೋದರಮಾವ ಹೊರಡುವಾಗ 'ಬರ್ತೀನಿ ಕಣೋ' ಅಂದರು. ಇವನು ಗೇಟಿನ ಹತ್ತಿರ ಚಪ್ಪಲಿ ಬಿಡುವ ಕಲ್ಲಿನ ಮೇಲೆ ಕೂತ. ಊಟಕ್ಕೆ ಕರೆದರೆ ಬರಲೊಲ್ಲ. 'ಮಾವ ಬರ್ತೀನಿ ಅಂದ್ರು.' ಕತ್ತಲಾಯಿತು, ಸೊಳ್ಳೆ ಕಚ್ಚಿ ಕಾಲೆಲ್ಲ ಕೆಂಪಾಯಿತು. ಹೋಗುವವರು ಬರ್ತೀನಿ ಅನ್ನುವುದು ನಮ್ಮ ಕಡೆಯ ಮರ್ಯಾದೆ, ಹೋಗ್ತೀನಿ ಅಂದರೆ ಅಪಶಕುನ. ಅವನಿಗೆ ಅದನ್ನು ಯಾರೂ ಹೇಳಿರಲಿಲ್ಲ. ಉಳಿದ ಮಕ್ಕಳಿಗೂ ಯಾರೂ ಹೇಳಿರುವುದಿಲ್ಲ, ಅವರು ಹೇಗೋ ಹೀರಿಕೊಂಡುಬಿಡುತ್ತಾರೆ. ಇವನಿಗೆ ಹೇಳಬೇಕು. ಅವತ್ತು ಕಲ್ಲಿನ ಮೇಲೆ ಪಕ್ಕದಲ್ಲಿ ಕೂತು ಹೇಳಿದೆ: 'ಹೊರಡುವವರೆಲ್ಲ ಬರ್ತೀನಿ ಅಂತಾರೆ. ಇನ್ನೊಂದು ದಿನ ಬರ್ತೀನಿ ಅಂತ ಅದರ ಅರ್ಥ. ಯಾವತ್ತು ಅಂತ ತಿಳೀಬೇಕಾದ್ರೆ, ಯಾವತ್ತು ಬರ್ತೀರಿ ಅಂತ ನೀನೇ ಕೇಳು.' ಆಮೇಲೆ ಒಳಗೆ ಬಂದು ಊಟ ಮಾಡಿದ. ಇವತ್ತಿಗೂ ನಮ್ಮ ಮನೆಯ ಹೊಸ್ತಿಲು ದಾಟುವ ಎಲ್ಲರನ್ನೂ ಹಾಗೆ ಕೇಳುತ್ತಾನೆ. ತಾರೀಖು ಹೇಳಿ ಹೋದವರು ಆ ತಾರೀಖಿಗೆ ಬಂದೇ ಬರುತ್ತಾರೆ. ಅವನ ಮುಂದೆ ಮಾತು ತಪ್ಪಲು ಅವರಿಗೂ ಮನಸ್ಸಾಗುವುದಿಲ್ಲ.

'ತಲೆ ತಿನ್ನಬೇಡ', 'ಕಿವಿ ಹಿಂಡ್ತೀನಿ', 'ಹೊಟ್ಟೆಯಲ್ಲಿ ಇಲಿ ಓಡ್ತಿದೆ', 'ಕೈಕಾಲೇ ಆಡ್ತಿಲ್ಲ'. ಇವನ್ನು ಕೇಳಿದಾಗ ಪುಟ್ಟನ ಮುಖ ನೋಡಿದ್ದೀಯಾ? ಇಲಿ ಎಲ್ಲಿಂದ ಒಳಗೆ ಹೋಯಿತು ಅಂತ ಅವನು ಕೇಳಿದರೆ ನಗಬೇಡ. ನಗುವವರ ಜೊತೆಗೂ ನಗಬೇಡ. ನಾವು ಒಂದು ನೋಟ್‌ಬುಕ್ ಮಾಡಿದ್ದೆವು. ಎಡಗಡೆ ಪುಟದಲ್ಲಿ ಜನ ಹೇಳುವ ಮಾತು, ಬಲಗಡೆ ಅದರ ಅರ್ಥ. 'ಊಟ ಆಯ್ತಾ?' ಅಂತ ದಾರಿಯಲ್ಲಿ ಯಾರಾದರೂ ಕೇಳಿದರೆ 'ಆಯ್ತು, ನಿಮ್ಮದು?' ಅನ್ನಬೇಕು, ಏನೇನು ಬಡಿಸಿದರು ಅಂತ ಮೊದಲಿಂದ ಹೇಳಬೇಕಾಗಿಲ್ಲ, ಅನ್ನುವುದೂ ಅದರಲ್ಲಿತ್ತು. ಆ ಪುಸ್ತಕ ಅವನಿಗೆ ಎಷ್ಟು ಹಿಡಿಸಿತು ಅಂದರೆ, ಹೊಸ ಮಾತು ಕಿವಿಗೆ ಬಿದ್ದ ಕೂಡಲೇ ತಾನೇ ತಂದು 'ಇದನ್ನ ಬರಿ' ಅನ್ನುತ್ತಿದ್ದ. ನೀನೂ ಮಾಡು. ಕ್ಯಾರಲ್ ಗ್ರೇ ಅನ್ನುವ ಅಮೆರಿಕದ ಟೀಚರೊಬ್ಬರು 1991ರ ಹೊತ್ತಿಗೆ ಸೋಷಿಯಲ್ ಸ್ಟೋರಿ ಅನ್ನುವ ಕ್ರಮವನ್ನೇ ಬಳಕೆಗೆ ತಂದರು: ಮದುವೆಮನೆಗೆ ಹೋದರೆ ಏನಾಗುತ್ತದೆ, ಅಲ್ಲಿ ಯಾರಿರುತ್ತಾರೆ, ವಾಲಗ ಜೋರಾಗಿರುತ್ತದೆ, ಕಷ್ಟವಾದರೆ ಏನು ಮಾಡಬಹುದು, ಇದನ್ನೆಲ್ಲ ಮೊದಲೇ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಚಿತ್ರದ ಜೊತೆ ಬರೆದು ಓದಿಸುವುದು. ನಿಮ್ಮ ಥೆರಪಿ ಟೀಚರನ್ನು ಕೇಳು, ಹೇಳಿಕೊಡುತ್ತಾರೆ.

ಇದನ್ನು ಓದಿ ಅರ್ಥವಾಗದೆ ಇರುವುದೆಲ್ಲ ಅವನ ಕಡೆಯದೇ ಅಂದುಕೊಳ್ಳಬೇಡ. ಬ್ರಿಟನ್ನಿನ ಡೇಮಿಯನ್ ಮಿಲ್ಟನ್, ಸ್ವತಃ ಆಟಿಸಂ ಇರುವವರು, 2012ರಲ್ಲಿ ಒಂದು ಲೇಖನ ಬರೆದರು. ನಮ್ಮ ಮನಸ್ಸು ಅವರಿಗೆ ತಿಳಿಯದ ಹಾಗೆಯೇ ಅವರ ಮನಸ್ಸು ನಮಗೂ ತಿಳಿಯುವುದಿಲ್ಲ, ಕೊರತೆ ಎರಡೂ ಕಡೆ ಇದೆ ಅನ್ನುವುದು ಅವರ ವಾದ. ನನಗೆ ಅದು ಪೂರ್ತಿ ಒಪ್ಪಿಗೆ.

ಬಸ್ಸಿನಲ್ಲಿ ಅಪರಿಚಿತರನ್ನು ಏನೇನೋ ಕೇಳಿಬಿಡುತ್ತಾನೆ ಅಂದೆಯಲ್ಲ. ಎದುರು ಕೂತ ಹೆಂಗಸಿಗೆ 'ನಿಮಗ್ಯಾಕೆ ಮೀಸೆ ಇದೆ?' ಅಂದನಂತೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಅಂತ ನಮ್ಮಲ್ಲಿ ಗಾದೆಯೇ ಇದೆ. ಆ ಒದೆ ಮಗುವಿನ ಮೇಲೆ ಬೀಳದ ಹಾಗೆ ನೋಡಿಕೊಳ್ಳಬೇಕಾದವಳು ನೀನು. ತೊಡೆ ಚಿವುಟಬೇಡ. ಅವನಿಗೆ ತಿಳಿಯುವುದು ನೋವೊಂದೇ, ಯಾಕೆ ಅನ್ನುವುದು ತಿಳಿಯುವುದಿಲ್ಲ. ಆ ತಾಯಿಯ ಕಡೆ ತಿರುಗಿ ನೇರವಾಗಿ ಹೇಳು: 'ಇವನಿಗೆ ಆಟಿಸಂ ಇದೆ ಅಮ್ಮಾ, ಕಂಡದ್ದನ್ನ ಕೇಳಿಬಿಡ್ತಾನೆ, ಬೇಜಾರು ಮಾಡ್ಕೋಬೇಡಿ.' ಬಹಳಷ್ಟು ಜನ ಸಮಾಧಾನವಾಗಿಯೇ ತೆಗೆದುಕೊಳ್ಳುತ್ತಾರೆ. ಕೆಲವರು ಮುಖ ತಿರುಗಿಸುತ್ತಾರೆ, ತಿರುಗಿಸಲಿ. ಮನೆಗೆ ಬಂದ ಮೇಲೆ ಪುಟ್ಟನಿಗೆ ನಿಯಮ ಹೇಳು. 'ಒಳ್ಳೆ ಮಾತಾಡು', 'ಸರಿಯಾಗಿರು' ಅನ್ನುವುದು ಅವನಿಗೆ ನಿಯಮವೇ ಅಲ್ಲ. 'ಬೇರೆಯವರ ಮೈ, ಬಣ್ಣ, ವಯಸ್ಸು, ಸಂಬಳ, ಜಾತಿ, ಈ ಐದರ ಬಗ್ಗೆ ಪ್ರಶ್ನೆ ಬಂದರೆ ಅಮ್ಮನ ಕಿವಿಯಲ್ಲಿ ಕೇಳು.' ಇದು ನಿಯಮ. ಬೆರಳು ಮಡಚಿ ಎಣಿಸುತ್ತಾ ಕಲಿಯುತ್ತಾನೆ. ಕಿವಿಯಲ್ಲಿ ಕೇಳಿದಾಗ ಉತ್ತರ ಕೊಡದೆ ಬಿಡಬೇಡ. ಕೊಡದಿದ್ದರೆ ಆ ನಿಯಮ ಅಲ್ಲಿಗೇ ಮುರಿದುಬೀಳುತ್ತದೆ.

ಅದೇ ಹೊತ್ತಿಗೆ 'ದೊಡ್ಡವರು ಹೇಳಿದ್ದನ್ನೆಲ್ಲ ಕೇಳು' ಅಂತ ಮಾತ್ರ ಕಲಿಸಬೇಡ. ಹೇಳಿದ ಮಾತನ್ನು ಹೇಳಿದ ಹಾಗೇ ನಂಬುವ ಮಗು ಇದು. ಯಾರು ಮೈ ಮುಟ್ಟಬಹುದು, ಯಾರು ಮುಟ್ಟಬಾರದು, ಬೇಡ ಅಂತ ಹೇಗೆ ಕೂಗಬೇಕು ಅನ್ನುವುದನ್ನೂ ಇಷ್ಟೇ ಬಿಡಿಸಿ, ಹೆಸರು ಹಿಡಿದು ಹೇಳು. ಈ ಒಂದು ವಿಷಯದಲ್ಲಿ ನಾಚಿಕೆ ಸಲ್ಲದು.

ಸಾವಿನ ಪ್ರಶ್ನೆ ಬಂದೇ ಬರುತ್ತದೆ. ನಿನ್ನ ಅತ್ತೆಯವರಿಗೆ ವಯಸ್ಸಾಗಿದೆ, ಅದಕ್ಕೇ ಈಗಲೇ ಹೇಳಿಡುತ್ತೇನೆ. 'ಅಜ್ಜಿ ಮಲಗಿದ್ದಾರೆ' ಅಂದರೆ ಆ ರಾತ್ರಿಯಿಂದ ಅವನು ಮಲಗಲು ಹೆದರುತ್ತಾನೆ. 'ದೇವರ ಹತ್ತಿರ ಹೋದರು' ಅಂದರೆ ಯಾವ ಬಸ್ಸಿನಲ್ಲಿ, ಯಾವಾಗ ವಾಪಸ್ಸು ಅಂತ ಕೇಳುತ್ತಾನೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನ ತನಕ 500ಡಿ ಬಸ್ಸಿನ ನಿಲ್ದಾಣಗಳನ್ನೆಲ್ಲ ಸಾಲಾಗಿ ಹೇಳುವ ಹುಡುಗನಿಗೆ ಅದು ನ್ಯಾಯವಾದ ಪ್ರಶ್ನೆಯೇ. ಹೀಗೆ ಹೇಳು: 'ಅಜ್ಜಿ ಸತ್ತುಹೋದರು. ಅವರ ದೇಹ ಕೆಲಸ ಮಾಡೋದು ನಿಂತುಹೋಯ್ತು. ಉಸಿರಾಡಲ್ಲ, ಹಸಿವಾಗಲ್ಲ, ನೋವಾಗಲ್ಲ. ಮತ್ತೆ ಬರಲ್ಲ. ನಮಗೆ ದುಃಖ ಆಗಿದೆ, ಅದಕ್ಕೆ ಅಳ್ತಿದ್ದೀವಿ.' ನಿಮ್ಮ ನಂಬಿಕೆಯನ್ನು ಹೇಳಬೇಕು ಅನ್ನಿಸಿದರೆ ಇದಾದ ಮೇಲೆ, 'ನಾವು ಹೀಗೆ ನಂಬ್ತೀವಿ' ಅಂತ ಹೇಳು. ಅವನು ಅಳದೇ ಇರಬಹುದು. ಅಜ್ಜಿಯ ಮಂಚ ಇನ್ನು ಯಾರಿಗೆ ಅಂತ ಕೇಳಬಹುದು. ಬಂದ ನೆಂಟರು ಕಲ್ಲುಮನಸ್ಸು ಅಂದಾರು, ಕಿವಿಗೆ ಹಾಕಿಕೊಳ್ಳಬೇಡ. ನಮ್ಮ ಅತ್ತೆಯವರು ಹೋದ ಮೇಲೂ ನನ್ನ ಮಗ ರಾತ್ರಿ ಎಂಟಾದರೆ ಅವರ ಮಾತ್ರೆಯ ಡಬ್ಬಿ ತಂದು ಅವರ ಮಂಚದ ಪಕ್ಕದ ಸ್ಟೂಲಿನ ಮೇಲಿಡುತ್ತಿದ್ದ. ನೀರಿನ ಲೋಟವೂ ಜೊತೆಗೆ. ಬಹಳ ದಿನ ಹಾಗೇ ಮಾಡಿದ. ಅದೇ ಅವನ ಅಳು ಅಂತ ನಾವು ಯಾರೂ ತಡೆಯಲಿಲ್ಲ.

'ನಾನ್ಯಾಕೆ ಹೀಗೆ?' ಅಂತಲೂ ಒಂದು ದಿನ ಕೇಳುತ್ತಾನೆ. ಆಟಿಸಂ ಅನ್ನುವ ಪದವನ್ನು ಶಾಲೆಯ ಹುಡುಗರು ಬೈಗುಳವಾಗಿ ಅವನ ಮುಖಕ್ಕೆ ಎಸೆಯುವ ಮೊದಲು ನಿನ್ನ ಬಾಯಿಂದ ಕೇಳಿರಲಿ. 'ನಿನ್ನ ಮಿದುಳು ಬೇರೆ ಥರ ಕೆಲಸ ಮಾಡುತ್ತೆ. ಕುಕ್ಕರ್ ಸೀಟಿ, ಮಿಕ್ಸಿ, ಪಟಾಕಿ ನಿನಗೆ ನಮಗಿಂತ ಜೋರಾಗಿ ಕೇಳಿಸುತ್ತೆ. ಬಸ್ಸಿನ ನಂಬರು ಒಂದು ಸಲ ನೋಡಿದರೆ ನೆನಪಿರುತ್ತೆ. ಮುಖ ನೋಡಿ ಜನರ ಮನಸ್ಸು ತಿಳಿಯೋದು ನಿನಗೆ ಕಷ್ಟ. ಇದಕ್ಕೆ ಆಟಿಸಂ ಅಂತಾರೆ. ಹುಟ್ಟಿದಾಗಿನಿಂದ ಇದೆ, ಜ್ವರದ ಹಾಗೆ ಬಂದು ಹೋಗೋದಲ್ಲ. ಯಾರ ತಪ್ಪೂ ಅಲ್ಲ.' ಕೊನೆಯ ಮಾತನ್ನು ಅವನಿಗೆ ಹೇಳುವ ಮೊದಲು ನೀನು ನಂಬಿರಬೇಕು. ಒಂದು ಕಾಲದಲ್ಲಿ ತಾಯಿಯ ಪ್ರೀತಿ ತಣ್ಣಗಿದ್ದರೆ ಮಗು ಹೀಗಾಗುತ್ತದೆ ಅಂತ ದೊಡ್ಡ ದೊಡ್ಡವರೇ ಹೇಳಿದ್ದರು. ಆ ಮಾತಿನಿಂದ ಎಷ್ಟು ತಾಯಂದಿರು ಕುಗ್ಗಿಹೋದರೋ. 1964ರಲ್ಲಿ ಬರ್ನಾರ್ಡ್ ರಿಮ್‌ಲ್ಯಾಂಡ್ ಅನ್ನುವ ಮನಃಶಾಸ್ತ್ರಜ್ಞ, ಇಂಥದೇ ಮಗನ ತಂದೆ, ಪುಸ್ತಕ ಬರೆದು ಇದು ಹುಟ್ಟಿನಿಂದ ಬಂದ ನರಮಂಡಲದ ವಿಷಯ, ಸಾಕಣೆಯ ದೋಷವಲ್ಲ ಅಂತ ವಾದಿಸಿದರು. ಲಸಿಕೆಯಿಂದ ಹೀಗಾಯಿತು ಅನ್ನುವುದೂ ಸುಳ್ಳು. 1998ರಲ್ಲಿ ಹಾಗೆ ಶಂಕೆ ಹುಟ್ಟಿಸಿದ ಲೇಖನವನ್ನು ಲ್ಯಾನ್ಸೆಟ್ ಪತ್ರಿಕೆ 2010ರಲ್ಲಿ ಹಿಂದಕ್ಕೆ ಪಡೆಯಿತು, ಬರೆದ ವೈದ್ಯನ ಹೆಸರನ್ನು ಬ್ರಿಟನ್ನಿನ ವೈದ್ಯರ ಪಟ್ಟಿಯಿಂದಲೇ ಕಿತ್ತುಹಾಕಿದರು. ಸ್ಟೆಮ್ ಸೆಲ್ ಹಾಕಿ ವಾಸಿ ಮಾಡುತ್ತೇವೆ ಅಂತ ಲಕ್ಷಗಟ್ಟಲೆ ಕೇಳುವವರು ನಿನಗೂ ಸಿಗುತ್ತಾರೆ. ಆಟಿಸಂಗೆ ಅದು ಸಲ್ಲದು ಅಂತ ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಹೇಳಿದೆ. ಒಡವೆ ಅಡ ಇಡಬೇಡ. ಆ ದುಡ್ಡು ಅವನ ಹೆಸರಿನಲ್ಲೇ ಇರಲಿ.

ಟೆಂಪಲ್ ಗ್ರ್ಯಾಂಡಿನ್ ಅವರ ಕಥೆಯನ್ನು ನಿನಗೆ ಯಾರೋ ಕಳಿಸಿದ್ದಾರೆ ಅಂದೆ. ಓದು. ನಾಲ್ಕು ವರ್ಷದ ಹತ್ತಿರ ಮಾತು ಬಂದ ಹೆಣ್ಣುಮಗಳು ಪ್ರೊಫೆಸರ್ ಆದದ್ದು ನಿಜ, ದನಗಳಿಗೆ ಯಾವುದು ಭಯ ಅಂತ ಕಂಡುಕೊಂಡು ಅವುಗಳ ದೊಡ್ಡಿಗಳನ್ನೇ ಬದಲಿಸಿದ್ದೂ ನಿಜ. ಆದರೆ ಪುಟ್ಟನೂ ಹಾಗೇ ಏನೋ ಆಗಲೇಬೇಕು ಅನ್ನುವ ಭಾರ ಅವನ ಮೇಲೆ ಹಾಕಬೇಡ. ಹಲ್ಲುಜ್ಜಲು, ಚಿಲ್ಲರೆ ಎಣಿಸಲು, ಒಬ್ಬನೇ ಅಂಗಡಿಗೆ ಹೋಗಿ ಬರಲು ಕಲಿತರೆ ಅದಕ್ಕೂ ಮನೆಯಲ್ಲಿ ಪಾಯಸ ಮಾಡು.

ಭಾಷೆಯ ವಿಷಯ ಒಂದು ಮಾತು. ಮನೆಯಲ್ಲಿ ಕನ್ನಡ ಬಿಟ್ಟು ಇಂಗ್ಲಿಷ್ ಒಂದನ್ನೇ ಆಡಿ, ಎರಡು ಭಾಷೆಯಾದರೆ ಗೊಂದಲ ಅಂತ ಯಾರೋ ಹೇಳಿದರಂತೆ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಇಂಥ ಮಕ್ಕಳ ಮಾತು ಇನ್ನಷ್ಟು ತಡವಾಗುವುದಿಲ್ಲ ಅಂತ ಈಚಿನ ಅಧ್ಯಯನಗಳು ತೋರಿಸಿವೆ. ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ. ಅಜ್ಜಿಯನ್ನು ಅವನು ಏನು ಕೇಳಬೇಕು, ಯಾವುದರಲ್ಲಿ ಕೇಳಬೇಕು? ನಿನಗೆ ಸಿಟ್ಟು ಬಂದಾಗ, ಮುದ್ದು ಬಂದಾಗ ಬಾಯಿಗೆ ಬರುವ ಭಾಷೆಯಲ್ಲೇ ಮಾತಾಡು.

ನಿನ್ನ ಮಗಳನ್ನು ಮರೆಯಬೇಡ. 'ಅಣ್ಣ ಕಿರುಚಿದರೆ ಬೈಯಲ್ಲ, ನಾನು ಕಿರುಚಿದರೆ ಯಾಕೆ ಬೈತೀಯಾ?' ಅನ್ನುವ ಅವಳ ಪ್ರಶ್ನೆಗೂ ಇದೇ ಉತ್ತರ: ಇದ್ದದ್ದನ್ನು ಹೇಳು. ವಾರಕ್ಕೊಂದು ಹೊತ್ತು ಅಣ್ಣನನ್ನು ಅವರಪ್ಪನ ಜೊತೆ ಬಿಟ್ಟು ಅವಳೊಬ್ಬಳನ್ನೇ ಎಲ್ಲಿಗಾದರೂ ಕರೆದುಕೊಂಡು ಹೋಗು.

ನಿನಗೇ ಸುಸ್ತಾದಾಗಲೂ ಸುಳ್ಳು ಬೇಡ. 'ಅಮ್ಮನಿಗೆ ಸುಸ್ತಾಗಿದೆ. ಹತ್ತು ನಿಮಿಷ ಮಾತಾಡಲ್ಲ. ದೊಡ್ಡ ಮುಳ್ಳು ಆರರ ಮೇಲೆ ಬಂದಾಗ ಬಾ' ಅಂತ ಗಡಿಯಾರ ತೋರಿಸಿ ಕಣ್ಣುಮುಚ್ಚಿ ಕೂತುಕೋ. ಅವನು ಮುಳ್ಳನ್ನೇ ನೋಡುತ್ತಾ ಕಾಯುತ್ತಾನೆ. ಆರರ ಮೇಲೆ ಬಂದ ಕೂಡಲೇ ಎದ್ದು ಉತ್ತರ ಹೇಳು. ಇನ್ನೈದು ನಿಮಿಷ ಅನ್ನಬೇಡ.

ಇನ್ನು ಉಳಿದದ್ದು, ನೀನು ಫೋನಿನಲ್ಲಿ ಅಳುತ್ತಾ ಹೇಳಿದ ಪ್ರಶ್ನೆ: 'ಅಮ್ಮಾ, ನೀನು ಸತ್ತುಹೋದರೆ ನನಗೆ ಊಟ ಯಾರು ಹಾಕ್ತಾರೆ?' ಅದು ಅವನ ಬಾಯಿಂದ ಅಷ್ಟು ಸರಳವಾಗಿ ಬಂತು, ನಿನ್ನ ಎದೆ ಒಡೆಯಿತು. 'ಹಾಗೆಲ್ಲ ಅನ್ನಬಾರದು, ಬಿಡ್ತು ಅನ್ನು' ಅಂತ ಬಾಯಿ ಮುಚ್ಚಿಸಬೇಡ. ಕೇಳಬೇಕಾದ್ದನ್ನೇ ಕೇಳಿದ್ದಾನೆ. ನನ್ನ ಮಗ ಕೇಳಿದಾಗ ಮೊದಲು ಅಡುಗೆಮನೆಗೆ ಕರೆದುಕೊಂಡು ಹೋದೆ. ಪಾವಕ್ಕಿ ಅಳೆಯುವುದು, ಎರಡು ಸಲ ತೊಳೆಯುವುದು, ರೈಸ್ ಕುಕ್ಕರಿನಲ್ಲಿ ಗೆರೆಯ ತನಕ ನೀರು ಹಾಕಿ ಸ್ವಿಚ್ ಒತ್ತುವುದು. ಈಗ ನನಗೆ ಹುಷಾರಿಲ್ಲದ ದಿನ ಅನ್ನ, ತಿಳಿಸಾರು ಅವನದೇ.

ಅಡುಗೆಯೊಂದರಿಂದ ಮುಗಿಯುವುದಿಲ್ಲ, ಕಾಗದಪತ್ರವೂ ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಸೇರಿದೆ. ಯುಡಿಐಡಿ ಅನ್ನುವ ಅಂಗವಿಕಲರ ಗುರುತಿನ ಕಾರ್ಡು ಇನ್ನೂ ಮಾಡಿಸಿಲ್ಲ ಅಂದೆ, ಈ ತಿಂಗಳೇ ಅರ್ಜಿ ಹಾಕಿ. ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿಯ ತನಕ ಚಿಕಿತ್ಸೆಯ ಖರ್ಚು ಸಿಗುತ್ತದೆ, ಥೆರಪಿಗೂ ಅದರಲ್ಲಿ ಪಾಲಿದೆ. ಹದಿನೆಂಟು ತುಂಬಿದ ಮೇಲೆ ತಂದೆತಾಯಿ ತಾವಾಗಿಯೇ ಪೋಷಕರಾಗಿ ಉಳಿಯುವುದಿಲ್ಲ, ಇದು ಬಹಳ ಜನರಿಗೆ ಗೊತ್ತಿಲ್ಲ. ಆಗ ಅವನಿಗೆ ಪೋಷಕರು ಬೇಕು ಅನ್ನಿಸಿದರೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಯ ನೇತೃತ್ವದ ಸ್ಥಳೀಯ ಸಮಿತಿಗೆ ಅರ್ಜಿ ಕೊಡಬೇಕು. ನಿಮಗಿಬ್ಬರಿಗೂ ಇನ್ನೂ ಸಮಯವಿದೆ, ಆದರೆ ನಿಮ್ಮ ನಂತರ ಯಾರು ಅನ್ನುವ ಮಾತನ್ನು ನಿನ್ನ ತಮ್ಮನ ಹತ್ತಿರ, ನಾದಿನಿಯ ಹತ್ತಿರ ಈಗಲೇ ಬಿಚ್ಚಿ ಆಡು. ಅವರು ಒಪ್ಪಿದ ಮೇಲೆ ಅವರ ಹೆಸರು, ಫೋನ್ ನಂಬರು, ಮನೆಗೆ ಹೋಗುವ ಬಸ್ಸಿನ ನಂಬರು ಮೂರನ್ನೂ ಒಂದು ಕಾರ್ಡಿನಲ್ಲಿ ಬರೆದು ಪುಟ್ಟನ ಕೈಗೆ ಕೊಡು. ತಿಂಗಳಿಗೊಮ್ಮೆ ಅದೇ ಬಸ್ಸಿನಲ್ಲಿ ಅಲ್ಲಿಗೆ ಕರೆದುಕೊಂಡು ಹೋಗಿ, ಅಲ್ಲೇ ಊಟ ಮಾಡಿಸಿಕೊಂಡು ಬಾ.

ಯುಡಿಐಡಿಗೆ ಆಧಾರ್, ಫೋಟೋ ಬೇಕಾಗುತ್ತದೆ, ಆಸ್ಪತ್ರೆಯ ರಿಪೋರ್ಟುಗಳನ್ನೂ ಜೊತೆಗಿಟ್ಟುಕೋ. ದಸರಾ ರಜಕ್ಕೆ ನೀವೆಲ್ಲ ಇಲ್ಲಿಗೆ ಬಂದಾಗ ಆ ಫೈಲನ್ನೂ ತಾ, ಒಟ್ಟಿಗೆ ಕೂತು ನೋಡೋಣ. ಜಂಬೂಸವಾರಿಯ ಸದ್ದು ಪುಟ್ಟನಿಗೆ ಆಗುವುದಿಲ್ಲ, ಅವತ್ತು ಅವನು ನಮ್ಮ ಮನೆಯಲ್ಲೇ ಇರಲಿ. ಹಿಂದಿನ ದಿನಗಳಲ್ಲಿ ಬೆಳಗ್ಗೆ ಆನೆಗಳು ತಾಲೀಮಿಗೆ ಹೋಗುವಾಗ ರಸ್ತೆಯಲ್ಲಿ ಅಷ್ಟು ಗದ್ದಲ ಇರುವುದಿಲ್ಲ, ಆಗ ನೋಡಲಿ. ಬರುವ ತಾರೀಖು ಗೊತ್ತಾದ ಕೂಡಲೇ ತಿಳಿಸು. ನನ್ನ ಮಗ ಈಗಾಗಲೇ ಎರಡು ಸಲ ಕೇಳಿದ್ದಾನೆ.

ನಿನ್ನ ಅಕ್ಕ